ಗ್ಯಾನಪ್ಪನ ಚಕಮಕಿ ಡಬ್ಬಿ

ಇರಕಲ್ಲಗಡದ ಗುಡ್ಡ ಹತ್ತುವವರು ಮೊದಲು ಗ್ಯಾನಪ್ಪನ ಮುಂದೆ ಸಂಚಿ ಬಿಚ್ಚಬೇಕಿತ್ತು. ನಿಜಾಮ ಸರ್ಕಾರದ ಜಂಗಲ್ ಕಾವಲುಗಾರ ಅವನು. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ, ಕೈಯಲ್ಲಿ ಬಡಿಗೆ, ಗುಡ್ಡದ ಬುಡದಲ್ಲಿ ಹುಲ್ಲು ಹೊದಿಸಿದ ಚೌಕಿ, ಚೌಕಿಯ ಗೂಡಿನಲ್ಲಿ ಒಂದು ತಗಡಿನ ಡಬ್ಬಿ. ಕುರಿಯವರು, ಕಟ್ಟಿಗೆಯವರು ಬೀಡಿ ಹಚ್ಚುವ ತಮ್ಮ ಚಕಮಕಿ ಕಲ್ಲನ್ನು ಆ ಡಬ್ಬಿಗೆ ಹಾಕಿ ಮೇಲೆ ಹೋಗಬೇಕು, ಸಂಜೆ ಇಳಿದಾಗ ತಿರುಗಿ ಒಯ್ಯಬೇಕು. ಗುರುತಿಗೆ ಒಂದೊಂದಕ್ಕೂ ಒಂದೊಂದು ಬಣ್ಣದ ದಾರ.

ಈ ಕಟ್ಟಳೆ ಹಿಂದಿನ ಬೇಸಿಗೆಯ ಬೆಂಕಿಯಿಂದ ಶುರುವಾದದ್ದು. ಆಗ ಕುರಿಗಾರ ಪಕೀರಪ್ಪನ ಸೊಂಟದಲ್ಲಿ ಚಕಮಕಿ ಸಿಕ್ಕಿತೆಂದು ಗ್ಯಾನಪ್ಪನೇ ಅವನನ್ನು ಹಿಡಿದುಕೊಟ್ಟಿದ್ದ. ಎಂಟು ದಿನ ಕೊಪ್ಪಳದಲ್ಲಿ ಕೂಡಿಹಾಕಿದ್ದರು. ಪಕೀರಪ್ಪ ಅದನ್ನು ಮರೆತಿರಲಿಲ್ಲ. ಕರಿ ದಾರದ ತನ್ನ ಕಲ್ಲನ್ನು ದಿನವೂ ಡಬ್ಬಿಗೆ ಹಾಕುತ್ತ, “ಕಲ್ಲು ಇಸಗೊಂಡಿ, ಛಲೋ ಆತು. ಹೊಟ್ಟಿ ಉರೀನ ಯಾವ ಡಬ್ಬಿಗೆ ಹಾಕ್ಲಿ, ಗ್ಯಾನಣ್ಣಾ?” ಎನ್ನುತ್ತಿದ್ದ.

ಗ್ಯಾನಪ್ಪನ ಕಲ್ಲಿಗೆ ಮಾತ್ರ ದಾರವಿರಲಿಲ್ಲ. ಅದು ಅವನ ಸಂಚಿಯಲ್ಲೇ ಇರುತ್ತಿತ್ತು.

ನಲವತ್ತೆರಡನೆಯ ಇಸವಿಯ ಬೇಸಿಗೆ. ಬೆಳಗಿನ ಸುತ್ತು ಮುಗಿಸಿ ಬಂದ ಗ್ಯಾನಪ್ಪ ಚೌಕಿಯಲ್ಲಿ ರೊಟ್ಟಿ ಬಿಚ್ಚಿದ್ದ. ಗಾಳಿ ಒಮ್ಮೆಲೇ ತಿರುಗಿ ಗುಡ್ಡದ ಮೇಲಿಂದ ಬೀಸಿತು. ಕಮಟು ವಾಸನೆ. ಎದ್ದು ನೋಡಿದರೆ ಜೋಡಿಗುಂಡೆಂಬ ಎರಡು ಬಂಡೆಗಳ ಮಗ್ಗುಲಲ್ಲಿ ಹೊಗೆ.

ಆ ಗುಂಡಿನ ನೆರಳಲ್ಲಿ ಸ್ವಲ್ಪ ಹೊತ್ತಿಗೆ ಮುಂಚೆ ಕೂತಿದ್ದವನು ಅವನೇ. ಬೀಡಿ ಸೇದಿದ್ದ. ತುಂಡನ್ನು ಕಲ್ಲಿಗೆ ತಿಕ್ಕಿದ್ದನೇ? ತಿಕ್ಕಿರಬೇಕು. ನೆನಪಾಗಲಿಲ್ಲ. ಡಬ್ಬಿ ತೆಗೆದು ನೋಡಿದ. ಬೆಳಿಗ್ಗೆ ಮೇಲೆ ಹೋದವರು ಹನ್ನೊಂದು ಮಂದಿ; ಡಬ್ಬಿಯಲ್ಲಿ ಹನ್ನೊಂದು ಕಲ್ಲು, ಹನ್ನೊಂದು ದಾರ. ಕರಿ ದಾರವೂ ಇತ್ತು. ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದ.

ಕೆಳಗಿದ್ದದ್ದು ಹೊಸೋಣಿ. ಪ್ಲೇಗಿನ ವರ್ಷ ಊರು ಬಿಟ್ಟು ಬಂದವರು ಗುಡ್ಡಕ್ಕೆ ಆತು ಕಟ್ಟಿಕೊಂಡ ಮೂವತ್ತು ಮನೆ. ಆಮೇಲೆ ಅವರು ಊರೊಳಕ್ಕೆ ತಿರುಗಿ ಹೋಗಲೇ ಇಲ್ಲ. ಎಲ್ಲ ಮನೆಗೂ ಒಣ ಕರಡ ಹುಲ್ಲಿನ ಹೊದಿಕೆ. ಒಂದು ಕಿಡಿ ಬಿದ್ದರೆ ಸಾಕು.

“ಹೊರಗ ಬರ್ರಿ! ಗುಡ್ಡಕ್ಕ ಬೆಂಕಿ ಹತ್ತೇತಿ!” ಎಂದು ಗ್ಯಾನಪ್ಪ ಕೂಗಿದ.

ಜನ ಕೊಡ, ಕೌದಿ, ಆಡಿನ ಮರಿ ಎತ್ತಿಕೊಂಡು ಹೊರಬಿದ್ದರು. ಬಾವಿಯಲ್ಲಿ ನೀರು ತಳ ಕಂಡಿತ್ತು. ಗುಡ್ಡದ ಕಡೆಯ ಮೊದಲ ಮನೆ ಮೈಮುನಬಿಯದು. ಆಕೆ ಬಾಗಿಲಲ್ಲೇ ನಿಂತಿದ್ದಳು. “ಮಗಳು ಹಡದು ಮೂರು ದಿನ ಆಗೇತಿ. ಎದ್ದು ನಿಂದ್ರಾಕ ಬರವಲ್ದು. ಎಲ್ಲಿಗಂತ ಹೊತ್ಕೊಂಡು ಹೋಗ್ಲಿ, ಗ್ಯಾನಣ್ಣಾ?”

ಒಳಗಿನಿಂದ ಕೂಸು ಅಳುವುದು ಕೇಳಿಸಿತು. ಬೆಂಕಿ ಆಗಲೇ ಅರ್ಧ ಗುಡ್ಡ ಇಳಿದಿತ್ತು. ನಿಂತು ಉರಿಯುತ್ತಿರಲಿಲ್ಲ, ಹಾರಿ ಹಾರಿ ಬರುತ್ತಿತ್ತು. ಒಂದು ಪೊದೆಯ ಚಟಪಟ ಮುಗಿಯುವಷ್ಟರಲ್ಲಿ ಅದರಾಚೆಯ ಪೊದೆ ಹತ್ತಿಕೊಳ್ಳುತ್ತಿತ್ತು.

ಮೇಲೆ ಹೋಗಿದ್ದವರು ಒಬ್ಬೊಬ್ಬರಾಗಿ ಓಡಿ ಇಳಿದರು. ಕೊನೆಗೆ ಹೊಗೆಯೊಳಗಿನಿಂದ ಕುರಿಗಳು ನುಗ್ಗಿ ಬಂದವು, ಹಿಂದೆ ಪಕೀರಪ್ಪ. ಹುಬ್ಬು ಸುಟ್ಟಿತ್ತು. “ನೀರಿನ ಆಸೆ ಬಿಡ್ರಿ. ಕೆಂಡ ತರ್ರಿ!” ಎಂದು ಕೂಗಿದ. ಓಣಿಗೂ ಗುಡ್ಡಕ್ಕೂ ನಡುವೆ ಒಂದು ಬಂಡಿದಾರಿ. ಅದರ ಮೇಲಂಚಿನ ಹುಲ್ಲಿಗೆ ನಾವೇ ಬೆಂಕಿ ಇಟ್ಟು ಮೆಲ್ಲಗೆ ಮೇಲಕ್ಕೆ ಬಿಟ್ಟರೆ ದೊಡ್ಡ ಬೆಂಕಿ ಬರುವಷ್ಟರಲ್ಲಿ ಅದಕ್ಕೆ ತಿನ್ನಲು ಏನೂ ಉಳಿದಿರುವುದಿಲ್ಲ ಎಂದ. ಆಮೇಲೆ ಗ್ಯಾನಪ್ಪನ ಬಿಲ್ಲೆಯನ್ನೇ ನೋಡುತ್ತ, “ಹಚ್ಚಲೇನು? ನಾಳಿ ಮತ್ತ ನನ್ನ ಕಟಗೊಂಡು ಹೋಗಾಂವ ನೀನ.”

ಗ್ಯಾನಪ್ಪ ಮೈಮುನಬಿಯ ಮನೆಗೆ ನುಗ್ಗಿ, ಬಾಣಂತಿಯ ಮಂಚದ ಕೆಳಗಿನ ಅಗ್ಗಿಷ್ಟಿಕೆಯನ್ನು ಕೆಂಡದ ಸಮೇತ ಎತ್ತಿಕೊಂಡು ಬಂದ. ಅಂಗೈ ಚುರ್ರೆಂದಿತು.

“ನೀ ತೋರ್ಸು. ನಾ ಹಚ್ತೀನಿ.”

ಇಪ್ಪತ್ತು ವರ್ಷ ಬೆಂಕಿ ಆರಿಸಿದ ಕೈ, ಹಚ್ಚುವುದು ಅದಕ್ಕೆ ಗೊತ್ತಿರಲಿಲ್ಲ. “ಹಂಗ ಚೆಲ್ಲಬ್ಯಾಡೋ! ಬಿತ್ತಿಗಿ ಮಾಡಿದಂಗ ಸಾಲು ಹಿಡಿ,” ಎಂದು ಪಕೀರಪ್ಪ ಬೈದ. ಗ್ಯಾನಪ್ಪ ಬಗ್ಗಿ ಸಾಲು ಹಿಡಿದ. ಓಣಿಯವರು ಬೇವಿನ ಟೊಂಗೆ ಹಿಡಿದು ದಾರಿಗುಂಟ ನಿಂತು, ಈಚೆ ಹಾರಿದ ಕಿಡಿಗಳನ್ನು ಬಡಿದರು. ಸಣ್ಣ ಬೆಂಕಿ ಗಾಳಿಗೆ ಎದುರಾಗಿ ತೆವಳಿತು, ನಿಂತಿತು, ಮತ್ತೆ ತೆವಳಿತು. ಮೇಲಿನದು ಮೊರೆಯುತ್ತ ಬಂದು ಚೌಕಿಯನ್ನು ನುಂಗಿತು. ಎರಡೂ ಕೂಡಿ ಒಂದು ಮಾಳಿಗೆಯೆತ್ತರ ಎದ್ದವು. ಆಮೇಲೆ ಸುಮ್ಮನಾದವು. ಕರಿ ನೆಲ, ಹೊಗೆ, ಕೂಸಿನ ಅಳು.

ಪಕೀರಪ್ಪ ಬಂಡಿದಾರಿಯಲ್ಲೇ ಕುಕ್ಕರಿಸಿದ. ಗ್ಯಾನಪ್ಪ ಬಳಿ ಬಂದು ಕೂತ. ಕೇಳಿದ: “ಹೋದ ವರ್ಸ ಹಚ್ಚಿದಾಂವ ನೀನ ಏನು?”

“ಎಂಟು ದಿನಾನೂ ಅದನ್ನ ಹೇಳಿದ್ನಲ್ಲೋ, ನಾ ಅಲ್ಲಂತ. ನೀ ಈಗ ಕೇಳಾಕತ್ತಿ.”

ಮರುದಿನ ತನಿಖೆಗೆ ಕೊಪ್ಪಳದಿಂದ ಪೊಲೀಸ್ ದಾರೋಗಾ ಬಂದ. ಬಂಡಿದಾರಿಯ ಅಂಚಿನ ಸುಟ್ಟ ಸಾಲನ್ನು ನೋಡಿದ, ಪಕೀರಪ್ಪನ ಸುಟ್ಟ ಹುಬ್ಬನ್ನೂ ನೋಡಿದ. “ಇದು ಹಳೇ ಕಳ್ಳ. ಕಟ್ರಿ ಇವನ್ನ.”

ಗ್ಯಾನಪ್ಪ ಚೌಕಿಯ ಬೂದಿಯಿಂದ ಡಬ್ಬಿ ಕೆದರಿ ತಂದ. “ಆ ಸಾಲು ಹಚ್ಚಿದಾಂವ ನಾನ್ರಿ, ಓಣಿ ಉಳಸಾಕ. ಇಂವನ ಕಲ್ಲು ಇದರಾಗ ಇತ್ರಿ, ಸಾಹೇಬ್ರ.”

“ಯಾವುದು?”

ಹನ್ನೊಂದೂ ಕರಿ ಕಲ್ಲು. ದಾರ ಸುಟ್ಟು ಹೋಗಿದ್ದವು.

“ಸಬೂತೇನು?” ಎಂದ ದಾರೋಗಾ.

ಗ್ಯಾನಪ್ಪನ ಸುಟ್ಟ ಕೈ ತಾನಾಗಿಯೇ ಸಂಚಿಗೆ ಹೋಯಿತು. ಮಸಿ ಹತ್ತದ ಒಂದು ಕಲ್ಲನ್ನು ತೆಗೆದು ಡಬ್ಬಿಗೆ ಹಾಕಿದ. “ಇದು ನಂದ್ರಿ. ನಿನ್ನಿ ಗುಡ್ಡದ ಮ್ಯಾಲ ಕಲ್ಲು ಇದ್ದದ್ದು ನನ್ನೊಬ್ಬನ ಹಂತ್ಯಾಕ. ಜೋಡಿಗುಂಡಿನ ಮಗ್ಗಲ ಬೀಡಿ ಸೇದೀನಿ. ಹೋದ ವರ್ಸನೂ ಅಲ್ಲೇ ಸೇದಿದ್ದೆ. ನನ್ನ ಸಂಚಿ ಯಾರೂ ನೋಡ್ಲಿಲ್ಲ.”

ಅಲ್ಲೇ ಬಿಲ್ಲೆ ಕಳಚಿಸಿಕೊಂಡರು. ದಾರೋಗಾನ ಕುದುರೆಯ ಹಿಂದೆ ಗ್ಯಾನಪ್ಪ ಕೊಪ್ಪಳದ ದಾರಿ ಹಿಡಿದ. ಎರೆಹೊಲದ ಬಳಿ ರೂಢಿಯಂತೆ ಕೈ ಸಂಚಿಗೆ ಹೋಯಿತು. ಬೀಡಿ ಇತ್ತು, ಕಲ್ಲಿರಲಿಲ್ಲ.

“ನಿಂದ್ರೋ ಗ್ಯಾನಣ್ಣಾ,” ಪಕೀರಪ್ಪ ಹಿಂದಿನಿಂದ ಓಡಿ ಬಂದ. ಡಬ್ಬಿಯ ಒಂದು ಕರಿ ಕಲ್ಲನ್ನು ಉಕ್ಕಿಗೆ ಕುಟ್ಟಿ, ಅರಳೆಗೆ ಕಿಡಿ ಹಿಡಿಸಿ, ಅಂಗೈಯಲ್ಲಿ ಮರೆಮಾಡಿ ಮುಂದೆ ಹಿಡಿದ. “ಸೇದು. ಇಲ್ಲಿ ಹುಲ್ಲಿಲ್ಲ.”

ಗ್ಯಾನಪ್ಪ ಸೇದಿದ. ತುಂಡನ್ನು ಕಲ್ಲಿಗೆ ತಿಕ್ಕಿದ, ಮೇಲೆ ಉಗುಳಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು, ಬಗ್ಗಿ, ಬೆರಳಿನಿಂದ ಮುಟ್ಟಿ ನೋಡಿದ.