ಕಾರ್ಡಿನ ಮೇಲಿನ ಹೆಸರು

"ಯಾರೋ ಬಂದಿದಾರೆ ಕಣೇ. ನಿಮ್ಮಪ್ಪನ್ನ ಕೇಳ್ತಿದಾರೆ" ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ಕಾಲೇಜಿನ ಕ್ಯಾಂಟೀನಿನಲ್ಲಿ ವಡೆ ಹಿಡಿದು ನಿಂತಿದ್ದೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರು.

"ಯಾರಮ್ಮ ಅದು?"

"ಕೊರಿಯರ್‌ನೋರು. ಬ್ಯಾಂಕಿಂದ ಏನೋ ಬಂದಿದೆಯಂತೆ. ಸಾರ್ ಇರುಕ್ಕಾರಾ ಅಂತಾರೆ. ನಾನೇನು ಹೇಳ್ಲಿ ಇವರಿಗೆ?"

ಬಂದಿದ್ದು ಏನೆಂದು ನನಗೆ ತಕ್ಷಣ ಹೊಳೆಯಿತು, ಹೊಳೆದ ಮೇಲೆ ಗಾಬರಿಯೂ ಆಯಿತು. ಅದು ನನ್ನ ಕ್ರೆಡಿಟ್ ಕಾರ್ಡು.

ತರಗತಿಯಲ್ಲಿ ಎಲ್ಲರ ಹತ್ತಿರವೂ ಇತ್ತು, ನನಗೂ ಬೇಕಿತ್ತು. ಅದರಿಂದ ಏನು ಕೊಳ್ಳಬೇಕೆಂದು ಕೇಳಿದ್ದರೆ ಬೆಬ್ಬೆಬ್ಬೆ ಅನ್ನುತ್ತಿದ್ದೆ. ಕಾರ್ಡಿನ ಮೇಲೆ ನನ್ನ ಹೆಸರು ಹೊಳೆಯುವ ಅಕ್ಷರದಲ್ಲಿರಬೇಕು, ಅಷ್ಟೇ ಆಸೆ. ವಿದ್ಯಾರ್ಥಿಗೆ ಸುಮ್ಮನೆ ಯಾರು ಕೊಡುತ್ತಾರೆ? ಅಮ್ಮ ನನ್ನ ಹೆಸರಿನಲ್ಲಿ ಒಂದು ಎಫ್‌ಡಿ ಇಟ್ಟಳು, ಅದರ ಮೇಲೆ ಕಾರ್ಡು ಮಂಜೂರಾಯಿತು. ಅರ್ಜಿ ತುಂಬುವಾಗ ಬ್ಯಾಂಕಿನ ಹುಡುಗಿ, ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಎಂದಳು. ಮದರಾಸಿನ ಶಾಲೆಗಳಲ್ಲಿ ಓದಿದವರ ಹೆಸರಿನ ಮುಂದೆ ಅಪ್ಪನ ಹೆಸರು ಒಂದೇ ಅಕ್ಷರವಾಗಿ ನಿಂತಿರುತ್ತದೆ. ಅದನ್ನು ಬಿಡಿಸಿ ಬರೆದೆ. ಅಪ್ಪನದು ದೇವರ ಹೆಸರು, ಸಾಲು ತುಂಬುವಷ್ಟು ಉದ್ದ. ಆಮೇಲೆ ಯಂತ್ರ ಏನು ಮಾಡಿತೋ, ಲಕೋಟೆಯ ಮೇಲೆ ಅಪ್ಪನ ಹೆಸರೇ ಅಚ್ಚಾಗಿ ಮನೆ ಬಾಗಿಲಿಗೆ ಬಂದುಬಿಟ್ಟಿತು.

"ಸ್ಪೀಕರ್ ಹಾಕಮ್ಮ" ಎಂದೆ. ಹಾಕಿದಳು. ಅದು ನನ್ನ ಕಾರ್ಡು, ಅಪ್ಪ ಇಲ್ಲ, ಅಮ್ಮನ ಕೈಗೆ ಕೊಡಿ ಎಂದು ತಮಿಳಿನಲ್ಲಿ ವಿವರಿಸಿದೆ. ಆತ ಒಳ್ಳೆಯ ಮನುಷ್ಯ, ಪಾಪ, ತಾನು ಹಾಗೆ ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡ. ಮನೆಯವರಿಗೆ ಕೊಡುತ್ತೇನೆ, ಆದರೆ ಲಕೋಟೆಯ ಮೇಲಿರುವ ಹೆಸರು ಏನೆಂದು ತೆಗೆದುಕೊಳ್ಳುವವರು ಹೇಳಬೇಕು, ಇಲ್ಲದಿದ್ದರೆ ವಾಪಸ್ ಹೋಗುತ್ತದೆ ಎಂದ. ನಾನೇ ಹೇಳುತ್ತೇನೆ ಎಂದೆ.

"ಫೋನ್‌ಲ ಯಾರ್ ವೇಣುಂನಾಲುಂ ಸೊಲ್ಲಲಾಂ. ಅಮ್ಮಾ, ನೀಂಗ ಸೊಲ್ಲುಂಗ."

ಫೋನಿನಲ್ಲಿ ಯಾರು ಬೇಕಾದರೂ ಹೇಳಬಹುದು, ಅಮ್ಮನೇ ಹೇಳಬೇಕು, ನಿಜ. ಆದರೆ ನಮ್ಮ ಮನೆಯ ಕಥೆ ಅವನಿಗೆ ಹೇಗೆ ಗೊತ್ತಾಗಬೇಕು?

ಅಮ್ಮ ಅಪ್ಪನ ಹೆಸರು ಹೇಳುವುದಿಲ್ಲ. ಎಂ.ಕಾಂ. ಓದಿದವಳು, ಪ್ಯಾರೀಸ್ ಕಾರ್ನರಿನ ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತಾಳೆ, ಮ್ಯಾನೇಜರಿಗೆ ಇಂಗ್ಲಿಷಿನಲ್ಲೇ ಎದುರು ಮಾತಾಡುತ್ತಾಳೆ. ಗಂಡನ ಹೆಸರು ಮಾತ್ರ ಬಾಯಿಂದ ಹೊರಡದು. ಮೈಸೂರಿನ ಅಜ್ಜಿಯಿಂದ ಬಂದ ಅಭ್ಯಾಸ. ಅಪ್ಪ ಇದ್ದಾಗ 'ಇವರು', ಹೋದ ಮೇಲೆ 'ಅವರು'. ವಡಪಳನಿ ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು ಕೇಳಿದರೆ ಮೊಣಕೈಯಿಂದ ನನ್ನನ್ನು ತಿವಿಯುತ್ತಿದ್ದಳು, ನಾನು ಗಿಣಿಪಾಠ ಒಪ್ಪಿಸುತ್ತಿದ್ದೆ. ಮರಣ ಪ್ರಮಾಣಪತ್ರಕ್ಕೆ ಹೋದಾಗಲೂ ಕಿಟಕಿಯ ಮುಂದೆ ನಿಂತು ಹೆಸರು ಹೇಳಿದವಳು ನಾನೇ. "ಹೇಳಿದ್ರೆ ನಾಲಿಗೆ ಉದುರಿಹೋಗುತ್ತಾ?" ಎಂದು ರೇಗಿಸಿದರೆ "ನಿಂಗೇನ್ ಗೊತ್ತು, ಸುಮ್ನಿರು" ಎನ್ನುತ್ತಿದ್ದಳು.

ಈಗ ತಿವಿಯಲು ಪಕ್ಕದಲ್ಲಿ ನಾನಿರಲಿಲ್ಲ. ಫೋನಿನ ಆ ಕಡೆ ಕುಕ್ಕರ್ ಒಮ್ಮೆ ಕೂಗಿ ಸುಮ್ಮನಾಯಿತು. ಬೇಡ ಬಿಡಮ್ಮ, ವಾಪಸ್ ಹೋಗಲಿ, ಹಾಳಾಗಿ ಹೋಗಲಿ ಆ ಕಾರ್ಡು ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅಮ್ಮ ಹೇಳಿದಳು. ಪೂರ್ತಿ ಹೇಳಿದಳು. ಪಿಸುಗುಟ್ಟಲಿಲ್ಲ, ತಡವರಿಸಲಿಲ್ಲ. ಒಳಕೋಣೆಯಲ್ಲಿರುವವರನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ ಹೇಳಿದಳು.

ನಾನು ಬೆಚ್ಚಿಬಿದ್ದೆ. ಕೈಯಲ್ಲಿದ್ದ ವಡೆ ಸಾಂಬಾರಿಗೆ ಬಿದ್ದು ಪಕ್ಕದವಳ ಕುರ್ತಾ ಹಾಳಾಯಿತು, ಅವಳು ಬೈದದ್ದೂ ಕಿವಿಗೆ ಬೀಳಲಿಲ್ಲ. ಹುಟ್ಟಿದಾಗಿನಿಂದ ನಾನು ಕೇಳಿರದ ಶಬ್ದ ಅದು. ಎಷ್ಟೋ ಕಿಟಕಿಗಳ ಮುಂದೆ ಆ ಹೆಸರನ್ನು ಹೇಳಿದ್ದೆ, ಆದರೆ ಅದರ ನಡುವಿನ ದೀರ್ಘವನ್ನು ಹಾಗೆ ಎಳೆದು ಹೇಳಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಅವಳು ಅದನ್ನು ಮನಸ್ಸಿನಲ್ಲೇ ಹೇಳಿಕೊಂಡಿರಬೇಕು. ನನಗೆ ಅಳು ಬಂತು, ಸಿಟ್ಟೂ ಬಂತು.

ಸಂಜೆ ಮನೆಗೆ ಬಂದಾಗ ಕಾರ್ಡು ಊಟದ ಮೇಜಿನ ಮೇಲಿತ್ತು. ಅಪ್ಪನ ಹೆಸರು ಉದ್ದಕ್ಕೂ ಹೊಳೆಯುತ್ತಿತ್ತು. ಅದರ ಮುಂದೆ ಒಂದು ಅಕ್ಷರ, ಒಂದು ಚುಕ್ಕಿ. ಅದು ನಾನು. ಅಪ್ಪನ ಮುಂದೆ ಈಗ ನಾನೇ ಇನಿಷಿಯಲ್ ಆಗಿದ್ದೆ.

"ನಾಳೆನೇ ಹೋಗಿ ಜಗಳ ಆಡ್ತೀನಿ. ಸರಿ ಮಾಡಿಸ್ಕೊಂಡೇ ಬರ್ತೀನಿ" ಎಂದೆ.

ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ಸರಿಯಾಗೇ ಇದೆಯಲ್ಲ" ಎಂದಳು, ತಲೆಯೆತ್ತದೆ.

ಭಾನುವಾರ ಅಮ್ಮನ ಜೊತೆ ಹೋಗಿ ತ್ರಿಪ್ಲಿಕೇನಿನ ಪಾತ್ರೆ ಅಂಗಡಿಯಲ್ಲಿ ಆ ಕಾರ್ಡನ್ನು ಮೊದಲ ಸಲ ಬಳಸಿದೆ. ಅಮ್ಮನಿಗೊಂದು ಚಿಕ್ಕ ಕುಕ್ಕರ್. ಡಬ್ಬ ಹಿಡಿದು ಹೊರಡುವ ಗಡಿಬಿಡಿಯಲ್ಲಿ ಕಾರ್ಡನ್ನು ಮೆಷಿನ್ನಿನಲ್ಲೇ ಬಿಟ್ಟುಬಿಟ್ಟಿದ್ದೆ. ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಕ್ಯಾಷಿಯರ್ ಅಪ್ಪನ ಹೆಸರು ಹಿಡಿದು ಕೂಗಿದ. ತುಂಬಿದ ಅಂಗಡಿಗೆಲ್ಲ ಕೇಳುವ ಹಾಗೆ ಮತ್ತೊಮ್ಮೆ ಕೂಗಿ, "ಸಾರ್ ಯಾರುಂಗ?" ಎಂದ.

ನನ್ನ ಕಾಲು ಅಲ್ಲೇ ನಿಂತಿತು. ಅಮ್ಮನ ಮುಖ ನೋಡಲು ಧೈರ್ಯವಾಗಲಿಲ್ಲ.

ಅಮ್ಮ ಆಗಲೇ ತಿರುಗಿ ಮೆಟ್ಟಿಲು ಹತ್ತುತ್ತಿದ್ದಳು. ಇಷ್ಟು ವರ್ಷ ಕಲಿತ ತಮಿಳೆಲ್ಲ ಮರೆತವಳಂತೆ ಕನ್ನಡದಲ್ಲೇ ಹೇಳಿದಳು:

"ನಮ್ಮನೆಯವರು."

ಕೈ ಚಾಚಿ ಕಾರ್ಡು ಇಸಿದುಕೊಂಡು, ಸೆರಗಿನಿಂದ ಒರೆಸಿ, ತನ್ನ ಪರ್ಸಿನೊಳಗೆ ಇಟ್ಟುಕೊಂಡಳು. ಅದು ನನ್ನ ಕಾರ್ಡಮ್ಮ ಎನ್ನಲು ನನಗೆ ಬಾಯಿ ಬರಲಿಲ್ಲ.