ಹನ್ನೊಂದು ವರ್ಷದ ಸರಳು, ಒಂದು ಊಟದ ಚೀಲ

ಕಿರುಬೆರಳಿನ ದಪ್ಪದ ಒಂದು ಲೋಹದ ಸರಳು ಪುಟ್ಟ ಕುಲುಮೆಯೊಳಗೆ ಹನ್ನೊಂದು ವರ್ಷಗಳಿಂದ ಕೆಂಪಗೆ ಕಾದು ನಿಂತಿತ್ತು. ಅದನ್ನು ಎಳೆಯಲು ಒಂದು ಸನ್ನೆಗೋಲು, ಸನ್ನೆಯ ಕೊನೆಯ ಕೊಕ್ಕೆಯಲ್ಲಿ ನೂರಿಪ್ಪತ್ತು ಕಿಲೋ ತೂಕ. ಬಿಸಿಯಲ್ಲಿ, ಭಾರದಲ್ಲಿ ಈ ಹೊಸ ಮಿಶ್ರಲೋಹ ಎಷ್ಟು ನಿಧಾನವಾಗಿ ಹಿಗ್ಗುತ್ತದೆ ಎಂದು ತಿಳಿಯಬೇಕಿತ್ತು. ಲಕ್ಷ ಗಂಟೆ, ಅಂದರೆ ಸುಮಾರು ಹನ್ನೊಂದೂವರೆ ವರ್ಷ, ತಡೆದರೆ ವಿದ್ಯುತ್ ಸ್ಥಾವರದ ಕೊಳವೆಗೆ ಯೋಗ್ಯ. ಪಕ್ಕದ ಡಯಲಿನ ಮುಳ್ಳು ಎರಡು ದಿನಕ್ಕೊಂದು ಗೆರೆ ಸರಿಯುತ್ತಿತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ಅದನ್ನು ಓದಿ ಪುಸ್ತಕದಲ್ಲಿ ಬರೆಯುವುದು ಸಹಾಯಕಿಯೊಬ್ಬಳ ಕೆಲಸ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಮುಳ್ಳಕ್ಕ.

ಮಗಳ ಮದುವೆಯ ಬೆಳಿಗ್ಗೆಯೂ ರೇಷ್ಮೆ ಸೀರೆಯಲ್ಲೇ ಬಂದು ಓದಿ ಹೋಗಿದ್ದಳು. ಬಾಗಿಲು ಜೋರಾಗಿ ಹಾಕಿದವರಿಗೆ, ಯಂತ್ರಕ್ಕೆ ಒರಗಿ ಫೋನಿನಲ್ಲಿ ಹರಟಿದವರಿಗೆ ಅವಳು ಬೈದದ್ದಕ್ಕೆ ಲೆಕ್ಕವಿಲ್ಲ. ಆದರೆ ಅವಳ ತಾಳ್ಮೆಯನ್ನು ನಿಜವಾಗಿ ತಿಂದವನು ಗಂಡ. ಕಂಡಕಂಡದ್ದಕ್ಕೆಲ್ಲ ಏನಾದರೊಂದು ತೂಗುಹಾಕುವುದು ಅವನ ಚಾಳಿ. ಬಾಗಿಲ ಚಿಲಕಕ್ಕೆ ಅಂಗಿ, ನಲ್ಲಿಗೆ ಟವೆಲು, ಗಡಿಯಾರದ ಮೊಳೆಗೆ ಕೊಡೆ.

ಲಕ್ಷ ಗಂಟೆಗೆ ಹತ್ತೊಂಬತ್ತು ದಿನ ಉಳಿದಿತ್ತು. ಅವಳು ಮರೆತ ಊಟದ ಚೀಲ ಕೊಡಲು ಗಂಡ ಬಂದ. ಅವಳು ಆಗಷ್ಟೇ ಕಚೇರಿಗೆ ಹೋಗಿದ್ದಳು. ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಿದರೆ, ಅವನು ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದಾನೆ. ಚೀಲ ಸನ್ನೆಯ ಕೊಕ್ಕೆಯಲ್ಲಿ, ತೂಕಗಳ ಜೊತೆ ನೇತಾಡುತ್ತಿದೆ. ಮುಳ್ಳು ಒಂದು ಗೆರೆ ಮುಂದಿದೆ.

"ರೀ!"

"ಏನಾಯ್ತೇ? ನೆಲ ಕೊಳಕಾಗಿತ್ತು, ಅದಕ್ಕೇ..."

"ಅದಕ್ಕೆ ಇದೇ ಕೊಕ್ಕೆ ಬೇಕಿತ್ತಾ? ನಿಮ್ಮ ಕತ್ತಿಗೆ ಹಾಕ್ಕೋಬಾರದಿತ್ತಾ?"

"ಅಷ್ಟೊಂದು ತೂಕ ಹೊತ್ತಿದೆ, ನಿನ್ನ ಊಟ ಹೊರಲ್ವಾ?"

ಅವಳು ಉಸಿರು ಬಿಗಿಹಿಡಿದು, ಮಗುವನ್ನು ಎತ್ತುವಷ್ಟು ಮೆಲ್ಲಗೆ ಚೀಲ ತೆಗೆದಳು. ಮುಳ್ಳು ಒಂದು ಗೆರೆ ಹಿಂದೆ ಬಂತು. ಏನೂ ಆಗಿಲ್ಲವೆಂಬಂತೆ ನಿಂತಿತು.

ಗಲಾಟೆ ಕೇಳಿ ಓಡಿಬಂದ ಸಂಶೋಧಕಿಯ ಮುಖ ಸುಣ್ಣದಂತಾಯಿತು. ಹೊಸ ಲೋಹಗಳ ಆಯುಸ್ಸನ್ನು ಒಂದೇ ಮಧ್ಯಾಹ್ನದಲ್ಲಿ ಹೇಳುವಂತೆ ಕಂಪ್ಯೂಟರಿಗೆ ಕಲಿಸುತ್ತಿದ್ದ ಹುಡುಗಿ ಅವಳು. ಕಲಿಸಲು ಮುಳ್ಳಕ್ಕನ ಅಂಕಿಗಳೇ ಅವಳಿಗೆ ಪಾಠಪುಸ್ತಕ.

"ನೂರಕ್ಕೆ ಒಂದು ಪಾಲಿನ ತನಕ ಹೆಚ್ಚು ಭಾರ ನಡೆಯುತ್ತೆ ಅಕ್ಕ. ಸಾವಿರದ ಇನ್ನೂರು ಗ್ರಾಮು. ಚೀಲ ಅಷ್ಟಿರಲ್ಲ ಬಿಡಿ."

ತಕ್ಕಡಿಗಿಟ್ಟರು. ಸಾವಿರದ ಇನ್ನೂರ ನಲವತ್ತು.

"ಆ ಕಿತ್ತಳೆಹಣ್ಣು ತೆಗೆದುಬಿಡು," ಎಂದ ಗಂಡ. "ಅದು ನನಗೆ ಅಂತ ತಂದಿದ್ದು, ಲೆಕ್ಕಕ್ಕಿಲ್ಲ."

"ನೀವು ಬಾಯಿ ಮುಚ್ಚಿ ಕೂತ್ಕೊಳ್ಳಿ!"

ಸಂಶೋಧಕಿ ದನಿ ತಗ್ಗಿಸಿದಳು. "ಅಕ್ಕ, ಮುಳ್ಳು ವಾಪಸ್ ಬಂದಿದೆ. ಬರೀದೇ ಇದ್ರೆ ಯಾರಿಗೂ ಗೊತ್ತಾಗಲ್ಲ. ಬರೆದ್ರೆ ದೊಡ್ಡವರು ಇಡೀ ಪರೀಕ್ಷೇನೇ ತೆಗೆದುಹಾಕಬಹುದು. ಹನ್ನೊಂದು ವರ್ಷ!"

"ಹನ್ನೊಂದು ವರ್ಷ ಯಾರು ಓದಿದ್ದು, ನೀನಾ ನಾನಾ?" ಮುಳ್ಳಕ್ಕನ ಕಣ್ಣು ತುಂಬಿತ್ತು; ಸಿಟ್ಟಿಗೋ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ. "ನಿನ್ನ ಕಂಪ್ಯೂಟರು ನನ್ನ ಪುಸ್ತಕ ನೋಡಿ ಕಲಿಯುತ್ತೆ ಅಂತೀಯ. ನಾನು ಮುಚ್ಚಿಟ್ಟಿದ್ದನ್ನ ಅದು ಎಲ್ಲಿ ನೋಡುತ್ತೆ?"

ಪುಸ್ತಕ ತೆರೆದು, ಎಂದಿನ ದುಂಡು ಅಕ್ಷರದಲ್ಲಿ ಬರೆದಳು: ಊಟದ ಚೀಲ, ೧೨೪೦ ಗ್ರಾಂ, ಇಪ್ಪತ್ತು ನಿಮಿಷ. ಕೊಂಚ ತಡೆದು ಸೇರಿಸಿದಳು: ತೂಗುಹಾಕಿದವರು ನನ್ನ ಗಂಡ.

ಮುಖ್ಯಸ್ಥರು ಆ ಸಾಲನ್ನು ಎರಡು ಸಲ ಓದಿದರು. "ಉಳಿದ ದಿನಗಳಲ್ಲಿ ಮುಳ್ಳು ತನ್ನ ದಾರಿ ಬಿಡದಿದ್ದರೆ ಒಂದು ಟಿಪ್ಪಣಿ ಹಾಕಿ ಒಪ್ಪಿಕೊಳ್ಳೋಣ. ಬಿಟ್ಟರೆ ಇಲ್ಲ," ಎಂದರು.

ಆ ಹತ್ತೊಂಬತ್ತು ದಿನ ಅವಳಿಗೆ ಅನ್ನ ಸೇರಲಿಲ್ಲ. ಮನೆಯ ಮೊಳೆಗಳನ್ನೆಲ್ಲ ಇಕ್ಕಳದಿಂದ ಕಿತ್ತು ಡಬ್ಬಿಗೆ ಹಾಕಿದಳು. ಗಂಡ ಒದ್ದೆ ಟವೆಲು ಹಿಡಿದು ಕೋಣೆಯಿಂದ ಕೋಣೆಗೆ ಅಲೆದ. ಒಂದು ಸಂಜೆ ಬಾಗಿಲಲ್ಲೇ ನಿಂತು, "ಇವತ್ತು ಮುಳ್ಳು ಹೇಗಿದೆ?" ಎಂದು ಮೆಲ್ಲಗೆ ಕೇಳಿದ. ಮದುವೆಯಾದಾಗಿನಿಂದ ಅವಳ ಕೆಲಸದ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಆ ರಾತ್ರಿ ಅವಳು ಅವನ ಟವೆಲನ್ನು ತಾನೇ ಹಿಂಡಿ ಕುರ್ಚಿಯ ಬೆನ್ನಿಗೆ ಹರಡಿದಳು.

ಮುಳ್ಳು ದಾರಿ ಬಿಡಲಿಲ್ಲ. ಎರಡು ದಿನಕ್ಕೊಂದು ಗೆರೆ, ಒಂದು ಕೂದಲೆಳೆಯೂ ಆಚೀಚೆಯಿಲ್ಲ. ಲಕ್ಷ ಗಂಟೆ ತುಂಬಿದ ಬೆಳಿಗ್ಗೆ ಸಂಶೋಧಕಿ ಅವಳನ್ನು ತಬ್ಬಿಕೊಂಡಳು. "ಯಂತ್ರದಿಂದ ದೂರ ಹೋಗಿ ಅಳು," ಎಂದು ಮುಳ್ಳಕ್ಕ ಗದರಿದಳು.

ವರದಿ ಅಚ್ಚಾಗಿ ಬಂತು. ನಲವತ್ತನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಊಟದ ಚೀಲವಿತ್ತು. ಗಂಡ ಕನ್ನಡಕ ಹಾಕಿ ಅದನ್ನು ಓದಿದ, ಮತ್ತೆ ಓದಿದ, ಪಕ್ಕದ ಮನೆಯವರಿಗೂ ಓದಿ ಹೇಳಿ ಬಂದ. ಮರುದಿನ ಆ ಪುಟಕ್ಕೆ ಗಾಜಿನ ಚೌಕಟ್ಟು ಹಾಕಿಸಿ ತಂದು, ಬೋಳು ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿದ.

"ಇದನ್ನ ಎಲ್ಲಿ ತೂಗುಹಾಕೋಣ ಕಣೇ?"