ನಲವತ್ತಮೂರನೆಯ ಹೆಗ್ಗೆಣಸು

ನಮ್ಮ ಶೋಮೋಲು ಬೀದಿಯಲ್ಲಿ ಬ್ಯಾಂಕಿಗಿಂತ ಮೊದಲು ಬಾಗಿಲು ತೆರೆಯುವವರು ಅಲ್ಹಾಜಾ ಸಿಫಾವು. ಅರವತ್ತರ ಹತ್ತಿರದ ಹೆಂಗಸು. ಬೆಳಗಾಗುತ್ತಲೇ ಸೊಂಟಕ್ಕೆ ಬಟ್ಟೆಯ ಗಂಟು ಕಟ್ಟಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ ಪ್ರತಿಯೊಬ್ಬರಿಂದ ದಿನದ ಉಳಿತಾಯ ಇಸಿದುಕೊಂಡು, ಅವರವರ ಚೀಟಿಯ ಮೇಲೆ ಒಂದು ಗೀಟು ಎಳೆಯುತ್ತಾರೆ. ತಿಂಗಳ ಕೊನೆಗೆ ಹಣ ವಾಪಸ್ಸು. ಮೊದಲ ದಿನದ್ದು ಮಾತ್ರ ಅವರ ಕೂಲಿ. ಇಂಗ್ಲಿಷು ಓದಲು ಬಾರದು, ಆದರೆ ಮೂವತ್ತೊಂದು ವರ್ಷದಲ್ಲಿ ಒಂದು ಗೀಟೂ ತಪ್ಪಿಲ್ಲ. ಅವರದೊಂದು ಕಟ್ಟಳೆ ಇದೆ: ತಿಂಗಳು ತುಂಬುವ ಮೊದಲು ಹಣ ಬೇಕಾದರೆ ಇಬ್ಬರು ನೆರೆಯವರ ಎದುರು ಕಾರಣ ಹೇಳಬೇಕು.

ನಾನು, ದುರೋ, ಅದೇ ಬೀದಿಯ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವವನು. ಇಡೀ ದಿನ ಅಳತೆ ಹಿಡಿದು ಕತ್ತರಿಸುವ ನನಗೆ ನನ್ನ ಅಳತೆ ಮಾತ್ರ ಗೊತ್ತಿರಲಿಲ್ಲ. ನಮ್ಮ ನೈರಾ ನೋಟು ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗುತ್ತದೆಂದು ಸಂಬಳದವರೆಲ್ಲ ಉಳಿಕೆಯನ್ನು ಫೋನಿನಲ್ಲಿ ಡಾಲರ್ ಬೆಲೆಯ ಕ್ರಿಪ್ಟೊ ಮಾಡಿಡುತ್ತಾರೆ. ನಾನೂ ಇಟ್ಟೆ, ನಿಶ್ಚಿತಾರ್ಥಕ್ಕೆಂದು. ಹುಡುಗಿಯ ಮನೆಗೆ ನಲವತ್ತೆರಡು ಹೆಗ್ಗೆಣಸು ಹೊರಬೇಕು, ಜೇನು, ಕೋಲಾ ಕಾಯಿ, ಬಟ್ಟೆ ಬೇರೆ. ಕಷ್ಟವೆಂದರೆ, ಫೋನಿನೊಳಗಿನ ಆ ಕ್ರಿಪ್ಟೊ ಚೀಲದಿಂದ ಎರಡು ಬೆರಳ ದೂರದಲ್ಲಿ ಕ್ರಿಪ್ಟೊ ಕ್ಯಾಸಿನೊ. ಒಂದು ರಾಕೆಟ್ ಏರುತ್ತದೆ, ಏರಿದಷ್ಟೂ ಹಣ ಬೆಳೆಯುತ್ತದೆ, ಅದು ಸಿಡಿಯುವ ಮೊದಲು ಇಳಿಯಬೇಕು. ನಾನು ಯಾವಾಗಲೂ ಇನ್ನೊಂದು ನಿಲ್ದಾಣ ನೋಡಿ ಇಳಿಯೋಣ ಎನ್ನುವವನು.

ಜವಾಬ್ದಾರಿಯಿಂದ ಆಡೋಣವೆಂದು ಆ ತಾಣದಲ್ಲೇ ವಾರದ ಮಿತಿ ಹಾಕಿಕೊಂಡೆ. ಮಿತಿ ಮುಟ್ಟಿದಾಗ ಬೇರೆ ಇಮೇಲಿನಲ್ಲಿ ಬೇರೆ ಖಾತೆ ತೆರೆದೆ. ಎರಡು ನಿಮಿಷ ಹಿಡಿಯಿತು. ಬೇಲಿಯೂ ನಾನೇ, ಹೊಲ ಮೇಯುವ ಎತ್ತೂ ನಾನೇ.

ನಾನು ಕೈಹಿಡಿಯಬೇಕಿದ್ದ ಒಮೊಲಾರಾ ಹೊಲಿಗೆಯವಳು. ನನ್ನ ಫೋನು ನೋಡಿದಳು, ಬೈಯಲಿಲ್ಲ.

"ನಿನ್ನ ಕೈಖರ್ಚಲ್ಲಿ ಏನಾದ್ರೂ ಮಾಡ್ಕೊ. ನಿಶ್ಚಿತಾರ್ಥದ ದುಡ್ಡು ಒಂದ್ಸಲ ಮುಟ್ಟಿದ್ರೂ, ಹೆಗ್ಗೆಣಸು ನಮ್ಮನೆಗೆ ತರ್ಬೇಡ. ನೀನೇ ಬೇಯಿಸ್ಕೊಂಡು ತಿನ್ನು."

ಆ ಕ್ರಿಪ್ಟೊ ಚೀಲಕ್ಕೆ ಹನ್ನೆರಡು ಪದಗಳ ಒಂದು ಕೀಲಿಯಿದೆ, ಅದಿಲ್ಲದೆ ಹಣ ಕೈಗೆ ಸಿಗದು. ಅದನ್ನು ಕಾಗದದಲ್ಲಿ ಬರೆದು, ಫೋನಿನಿಂದ ಚೀಲ ಅಳಿಸಿ, ಕಾಗದವನ್ನು ಅಲ್ಹಾಜಾ ಕೈಗೆ ಕೊಟ್ಟೆ.

"ಇದೇನು, ತಾಯತವೇನೋ?" ಎಂದರು.

"ನನ್ನ ಮದುವೆ, ಅಲ್ಹಾಜಾ."

"ಭಾಳ ಹಗುರ ಇದೆಯಲ್ಲ." ಗಂಟಿಗೆ ಸೇರಿಸಿದರು.

ಆಟಕ್ಕೂ ಅವರೇ ಕಟ್ಟಳೆ ಮಾಡಿದರು. ಶನಿವಾರ ಬೆಳಿಗ್ಗೆ, ಅವರ ಮಣೆಯ ಪಕ್ಕ ಕೂತು, ಎಷ್ಟು ಇಡುತ್ತೇನೆಂದು ಗಟ್ಟಿಯಾಗಿ ಹೇಳಿ, ಕೈಖರ್ಚಿನಿಂದ ಆಡಬೇಕು. ಅವಧಿ, ಎದುರಿಗೆ ವಡೆ ಕರಿದು ಮಾರುವ ಇಯಾ ರಿಸಿಯ ಒಂದು ಬಾಣಲೆ ಅಕಾರಾ. ಅಲಸಂದೆ ವಡೆ ಕೆಂಪಾಗಿ ಎಣ್ಣೆಯಿಂದ ಮೇಲೆ ಬಂದರೆ ಫೋನು ಕೆಳಗೆ. ಹಣವನ್ನು ಅವರು ಎಣಿಸುತ್ತಿದ್ದುದು ಹೆಗ್ಗೆಣಸಿನಲ್ಲಿ.

"ಈವತ್ತು ರಾಕೆಟ್ಟಿಗೆ ಒಂದು ಗೆಣಸಂತೆ ಕಣ್ರೀ," ಎಂದು ಸಾರುವರು.

ಪಂಕ್ಚರ್ ಹಾಕುವ ಎಫಿಯಾಂಗ್ ಚಕ್ರದ ಹಿಂದಿನಿಂದ, "ಬೇಯಿಸಿದ್ದೋ ಹಸೀದೋ?" ಎನ್ನುವನು.

ಹೀಗೆ ಗೆಣಸು ಕಣ್ಣಿಗೆ ಕಟ್ಟಿದ ಮೇಲೆ ಆಟದ ರುಚಿ ಅರ್ಧ ಇಳಿಯಿತು. ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೊಂದು ಶನಿವಾರ ಎರಡು ಗೆಣಸು ಕಳೆದುಕೊಂಡೆ. ಇಡೀ ವಾರ ಅವೆರಡೂ ತಲೆಯೊಳಗೆ ಉರುಳಾಡಿದವು. ಕಾಗದವೊಂದು ಸಿಕ್ಕರೆ, ಒಂದೇ ಏಟಿಗೆ ಗೆದ್ದು, ಹಾಗೇ ವಾಪಸ್ಸು ಇಡುತ್ತೇನೆ ಎಂದುಕೊಂಡೆ. ಬುಧವಾರ ಅಲ್ಹಾಜಾ ಬಳಿಗೆ ಹೋದೆ.

"ಕಾರಣ?"

ಇಯಾ ರಿಸಿ ಸೌಟು ಹಿಡಿದು ಬಂದಳು. ಎಫಿಯಾಂಗ್ ಕೈ ಒರೆಸಿಕೊಂಡು ಬಂದ.

"ಅಮ್ಮಂಗೆ ಹುಷಾರಿಲ್ಲ," ಎಂದೆ.

ಇಷ್ಟು ವರ್ಷ ಇದ್ದೂ ನಾನು ಬೀದಿಯ ಗುಣವನ್ನು ಮರೆತಿದ್ದೆ. ಇಯಾ ರಿಸಿ ಸೌಟು ಕೆಳಗಿಟ್ಟು, "ಅಯ್ಯೋ ನಮ್ಮವ್ವ," ಎಂದು ಎದೆ ಹಿಡಿದುಕೊಂಡಳು. ಎಫಿಯಾಂಗ್ ಆಗಲೇ ಟೋಪಿ ಮಗುಚಿ ಹಣ ಎತ್ತುತ್ತಿದ್ದ.

"ದುಡ್ಡು ಕಳಿಸಿದ್ರೆ ಸಾಲ್ದು," ಎಂದರು ಅಲ್ಹಾಜಾ. "ಶನಿವಾರ ಎಲ್ರೂ ಹೋಗಿ ನೋಡ್ಕೊಂಡ್ ಬರೋಣ. ಕಾಗದ ನಾನೇ ತರ್ತೀನಿ, ಅಲ್ಲೇ ಕೊಡ್ತೀನಿ."

ಶುಕ್ರವಾರ ನಮ್ಮೂರು ಇಜೆಬು-ಒಡೆಯಲ್ಲಿದ್ದ ಅಮ್ಮನಿಗೆ ಫೋನು ಮಾಡಿದೆ.

"ಅಮ್ಮ, ನಾಳೆ ಒಂದಿನ ಮಲ್ಕೊಂಡಿರಿ, ಸಾಕು."

"ನಾಳೆನಾ? ನಾಳೆ ಬುಸಾರಿ ಮಗಳ ಮದುವೆ ಕಣೋ. ಹೊಸ ತಲೆವಸ್ತ್ರ ತಗೊಂಡಿದೀನಿ. ಮಲಗಿದ್ರೆ ಅದು ಮುದುರಲ್ವಾ?"

"ಸ್ವಲ್ಪ ಕೆಮ್ಮಿದ್ರೂ ಆಗುತ್ತೆ."

"ನೀನೇ ಬಂದು ಕೆಮ್ಮಿಕೋ," ಎಂದು ಫೋನು ಇಟ್ಟರು.

ಶನಿವಾರ ಹಳದಿ ಬಸ್ಸಿನಲ್ಲಿ ಹದಿನಾಲ್ಕು ಜನ ಹೊರಟೆವು. ಒಮೊಲಾರಾ ನನ್ನ ಪಕ್ಕದಲ್ಲೇ, ಭಾವಿ ಅತ್ತೆಗೆಂದು ಬ್ರೆಡ್ಡಿನ ಗಂಟು ಮಡಿಲಲ್ಲಿಟ್ಟುಕೊಂಡು. ದಾರಿಯುದ್ದಕ್ಕೂ ಇಯಾ ರಿಸಿ ಪ್ರಾರ್ಥಿಸಿದಳು. ನಾನೂ ಪ್ರಾರ್ಥಿಸಿದೆ, ಬಸ್ಸು ಕೆಡಲೆಂದು. ಎಫಿಯಾಂಗ್ ಹೊರಡುವ ಮುಂಚೆ ನಾಲ್ಕೂ ಚಕ್ರ ನೋಡಿದ್ದ, ಕೆಡಲಿಲ್ಲ.

ಅಮ್ಮ ಬಾಗಿಲಲ್ಲೇ ಇದ್ದರು. ತಲೆಯ ಮೇಲೆ ಹಾಯಿದೋಣಿಯಷ್ಟು ಎತ್ತರಕ್ಕೆ ಕಟ್ಟಿದ ಬಂಗಾರದ ಬಣ್ಣದ ವಸ್ತ್ರ, ಕೈಯಲ್ಲಿ ಬೀಸಣಿಗೆ, ಕಾಲು ಆಗಲೇ ಕುಣಿತದ ಲಯದಲ್ಲಿ. ಹದಿನಾಲ್ಕು ಜನರನ್ನು ನೋಡಿ, "ನೀವೂ ಮದುವೆಗೇ ಬಂದ್ರಾ?" ಎಂದರು.

ಅಲ್ಹಾಜಾ ಮಾತ್ರ ಅಚ್ಚರಿಪಡದೆ ನೆಲದ ಮೇಲೆ ಕೂತು ಗಂಟು ಬಿಚ್ಚಿದರು.

"ಮೂವತ್ತೊಂದು ವರ್ಷದಿಂದ ದುಡ್ಡು ಕಾಯ್ತಿದೀನಿ, ಮಗಾ. ನಿಜವಾದ ಕಾಯಿಲೆಯವರು ಅಳ್ತಾ ಬರ್ತಾರೆ. ನೀನು ಬೆವರ್ತಾ ಬಂದೆ. ಇನ್ನೊಂದ್ಸಲ ಕೇಳ್ತೀನಿ. ಕಾರಣ?"

ಇಬ್ಬರೆದುರು ಹೇಳಲಾರದೆ ಹೋದದ್ದನ್ನು ಹದಿನಾಲ್ಕು ಜನರೆದುರು ಹೇಳಿದೆ. ಎರಡು ಗೆಣಸು ಕಳೆದದ್ದು, ಅವನ್ನು ವಾಪಸ್ಸು ಗೆಲ್ಲಲು ನಲವತ್ತೆರಡನ್ನೂ ಇಡಲು ಹೊರಟದ್ದು.

ಒಮೊಲಾರಾ ನನ್ನ ಕಡೆ ನೋಡದೆ ಕೇಳಿದಳು. "ಅಲ್ಹಾಜಾ, ಕಾಗದ ಇವನ ಕೈಗೆ ಹೋಗಿತ್ತಾ?"

ಅವರು ಎತ್ತಿ ತೋರಿಸಿದರು. ನಾನು ಮಡಿಸಿದ ಮಡಿಕೆ ಹಾಗೇ ಇತ್ತು.

"ಹಂಗಾದ್ರೆ ಮುಟ್ಟಿಲ್ಲ," ಎಂದಳು. "ಮುಟ್ಟೋದಕ್ಕೆ ಬಸ್ ಮಾಡ್ಕೊಂಡ್ ಬಂದಿದಾನೆ ಅಷ್ಟೆ." ಬ್ರೆಡ್ಡಿನ ಗಂಟನ್ನು ಅಮ್ಮನ ಕೈಗಿಟ್ಟು ನನ್ನ ಕಡೆ ತಿರುಗಿದಳು. "ನಲವತ್ತಮೂರು ತಾ. ಕೊನೇದನ್ನ ಬಸ್‌ಸ್ಟಾಪಿಂದ ನಮ್ಮನೆವರ್ಗೂ ನೀನೇ ತಲೆ ಮೇಲೆ ಹೊರ್ಬೇಕು. ಯಾಕೆ ಅಂತ ಕೇಳಿದವರಿಗೆಲ್ಲ ನಿಜ ಹೇಳ್ಬೇಕು."

ಅಮ್ಮ, ರೋಗಿಗೆಂದು ನಾವು ತಂದ ಬ್ರೆಡ್ಡು ಮುರಿದು ಬಾಯಿಗಿಟ್ಟುಕೊಂಡು, "ದೊಡ್ಡದೇ ನೋಡಿ ಆರಿಸಮ್ಮ," ಎಂದರು.

ಡಿಸೆಂಬರಿನಲ್ಲಿ ಅಲ್ಹಾಜಾ ಎದುರು ಕುಳಿತು ಕಾಗದ ಬಿಡಿಸಿ, ಹೆಗ್ಗೆಣಸು ಕೊಂಡೆವು. ನನ್ನದನ್ನು ಒಮೊಲಾರಾಳೇ ಆರಿಸಿದಳು, ಮಗುವಿನಷ್ಟು ತೂಕದ್ದು. ಬಸ್‌ಸ್ಟಾಪಿನಿಂದ ಅವರ ಮನೆಗೆ ಹೋಗುವಷ್ಟರಲ್ಲಿ ಇಪ್ಪತ್ತಾರು ಜನ ಕಾರಣ ಕೇಳಿದರು. ಹಿಂದೆ ಬರುತ್ತಿದ್ದ ಅಲ್ಹಾಜಾ ಪ್ರತಿಯೊಬ್ಬರಿಗೂ ನನ್ನ ಚೀಟಿಯ ಹಿಂಬದಿಯಲ್ಲಿ ಒಂದು ಗೀಟು ಎಳೆದರು. ಕೊನೆಯವನಿಗೆ ಕಥೆ ಮೊಟಕು ಮಾಡಿ ಹೇಳಿದೆನೆಂದು ಆ ಗೀಟು ಹೊಡೆದುಹಾಕಿ, ಮತ್ತೆ ಹೇಳಿಸಿದರು.